ಕಿಟಕಿ ಕಡೆಯ ಕಿವಿ

"ಮೂವತ್ನಾಲ್ಕು ವರ್ಷ ಆಯ್ತು ಈ ಕೈ ಕತ್ತಿ ಹಿಡಿದು. ಒಬ್ಬರ ಮೈಮೇಲೂ ಒಂದು ಹನಿ ರಕ್ತ ಬರಿಸಿಲ್ಲ." ಈ ಮಾತನ್ನ ದಿನಕ್ಕೆ ನಾಲ್ಕು ಸಲ ಹೇಳದೆ ಇದ್ದರೆ ಕತ್ರಿಗೆ ತಿಂದದ್ದು ಅರಗ್ತಿರಲಿಲ್ಲ.

ಕತ್ರಿ ಅನ್ನೋದು ಬೀದಿಯವರು ಇಟ್ಟ ಹೆಸರು. ಎರಡು ಕುರ್ಚಿಯ ಕ್ಷೌರದಂಗಡಿ, ಗೋಡೆಯುದ್ದ ಕನ್ನಡಿ, ಎದುರಿಗೆ ಕಾಯೋರಿಗೆ ಒಂದು ಬೆಂಚು. ಬೆಂಚಿನ ಮೇಲೆ ಯಾರೇ ಕೂತಿರಲಿ, ಅವರ ಕಿವಿಗೆ ಆ ಒಂದು ಹನಿ ರಕ್ತದ ಮಾತು ಬಿದ್ದೇ ಬೀಳ್ತಿತ್ತು. ಜಂಬ ಅಂದರೆ ಜಂಬವೇ. ಕೆಲಸ ಬಲ್ಲವನಿಗೆ ಚೂರು ಜಂಬ ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಜಂಬ ಕೊನೆಗೆ ಒಬ್ಬ ಮನುಷ್ಯನ ಕಿವಿಯನ್ನ ತಿಂದಿತಲ್ಲ, ಅದಕ್ಕೆ ಏನು ಹೇಳೋಣ?

ಆ ಮನುಷ್ಯ ಬೇರೆ ಯಾರೂ ಅಲ್ಲ, ಅವನ ಭಾವ, ಅಕ್ಕನ ಗಂಡ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟು ವರ್ಷ ಕಿಟಕಿ ಪಕ್ಕ ಕೂತು ಕೂತು ಆ ಕಡೆಯ ತೋಳು, ಆ ಕಡೆಯ ಕೆನ್ನೆ, ಆ ಕಡೆಯ ಕಿವಿ ಎಲ್ಲ ಸುಟ್ಟು ಕರಕಲಾಗಿದ್ದವು. ಇನ್ನೊಂದು ಕಡೆ ಬೇರೆಯವರದ್ದೇನೋ ಅನ್ನಿಸೋ ಹಾಗಿತ್ತು. "ಅರ್ಧ ಬೆಂದದ್ದು, ಅರ್ಧ ಹಸಿ. ಇಂಥವರನ್ನ ಕಟ್ಟಿಕೊಂಡು ಏಗ್ತಾ ಇದ್ದೀನಿ" ಅಂತ ಅಕ್ಕ ನಗಾಡ್ತಿದ್ದಳು.

ತಾಯಿ ತೀರಿಹೋದಾಗ ಕತ್ರಿಗೆ ಒಂಬತ್ತು ವರ್ಷ. ಆಗಷ್ಟೇ ಮದುವೆಯಾಗಿದ್ದ ಅಕ್ಕ ಅವನನ್ನ ಕರೆದುಕೊಂಡು ಬಂದಳು, ಭಾವ ಹೂಂ ಅಂದ, ಅಷ್ಟೇ. ಕತ್ರಿ ಕೆಲಸ ಕಲಿಯೋಕೆ ಶುರು ಮಾಡಿದಾಗ ಮೊದಲು ಕತ್ತರಿ ಆಡಿಸಿದ್ದೂ ಭಾವನ ತಲೆ ಮೇಲೇ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಟ್ಟಿದ್ದ. ಭಾವ ಮೂರು ವಾರ ಟೋಪಿ ಹಾಕಿಕೊಂಡು ಬಸ್ಸು ಓಡಿಸಿದ, ಒಂದು ಮಾತೂ ಆಡಲಿಲ್ಲ, ನಾಲ್ಕನೇ ವಾರ ಮತ್ತೆ ಬಂದು ತಲೆ ಬಗ್ಗಿಸಿ ಕೂತ. ಅವತ್ತಿಂದ ಮೂರು ವಾರಕ್ಕೊಮ್ಮೆ ತಪ್ಪದೆ ಬರ್ತಿದ್ದ.

"ನಿನ್ನ ಅಕ್ಕನ್ನ ಕಟ್ಟಿಕೊಂಡ ತಪ್ಪಿಗೆ ನನ್ನ ತಲೆ ನಿನ್ನ ಪಾಲಾಗಿದೆ ಕಣೋ. ನೋಡ್ಕೊಂಡು ಮಾಡು" ಅಂತ ಕುರ್ಚಿಗೆ ಒರಗ್ತಿದ್ದ.

"ತಲೆಯಲ್ಲಿ ಏನಾದ್ರೂ ಇದ್ರೆ ತಾನೇ ಭಾವ, ನೋಡ್ಕೊಳ್ಳೋಕೆ?" ಅಂತಿದ್ದ ಕತ್ರಿ. ಬೆಂಚಿನವರು ನಗ್ತಿದ್ದರು. ಭಾವ ಐದು ನಿಮಿಷಕ್ಕೆಲ್ಲ ತೂಕಡಿಸ್ತಿದ್ದ.

ಎರಡು ವರ್ಷದ ಕೆಳಗೆ ಒಂದು ಬೆಳಗ್ಗೆ ಹಾಗೇ ತೂಕಡಿಸ್ತಿದ್ದ. ಕತ್ರಿ ಕಿವಿಯ ಸುತ್ತ ಕತ್ತಿ ಆಡಿಸಿ, ಟವೆಲ್‌ನಲ್ಲಿ ಒರೆಸಿದ. ಟವೆಲ್ ತೆಗೆದರೆ, ಕಿಟಕಿ ಕಡೆಯ ಕಿವಿಯ ಮೇಲಂಚಿನಲ್ಲಿ, ಹಿಂದಕ್ಕೆ ತಿರುಗೋ ಜಾಗದಲ್ಲಿ, ಕೆಂಪಗೆ ಒಂದು ಹನಿ.

ಬೆಂಚಿನ ಮೇಲೆ ಮೂರು ಜನ ಇದ್ದರು. ಐದು ನಿಮಿಷದ ಹಿಂದೆ ಅವರ ಮುಂದೆಯೇ ಅದೇ ಜಂಬದ ಮಾತು ಆಡಿ ಮುಗಿಸಿದ್ದ. ಕತ್ರಿ ಹೆಬ್ಬೆರಳಲ್ಲಿ ಆ ಜಾಗ ಒತ್ತಿ ಹಿಡಿದ, ರಕ್ತ ನಿಲ್ಲೋಕೆ ಪಟಿಕದ ಕಲ್ಲು ಉಜ್ಜಿದ, ಮೇಲೆ ಪೌಡರ್ ತಟ್ಟಿದ. ಭಾವನಿಗೆ ಎಚ್ಚರವೇ ಆಗಲಿಲ್ಲ. ಯಾರೂ ನೋಡಲಿಲ್ಲ. ಅಬ್ಬಾ, ಬದುಕಿದೆ ಅಂದುಕೊಂಡ.

ಮೂರು ವಾರ ಬಿಟ್ಟು ಭಾವ ಬಂದಾಗ ಅಲ್ಲೊಂದು ಹಕ್ಕಳೆ ಕಟ್ಟಿತ್ತು. ಬಾಚಣಿಗೆ ತಾಗಿ ಹಕ್ಕಳೆ ಕಿತ್ತು ಬಂತು, ಮತ್ತೆ ರಕ್ತ. ಮತ್ತೆ ಪಟಿಕ, ಮತ್ತೆ ಪೌಡರ್. ಥೂ, ಮಾಯೋಕೆ ಬಂದ ಗಾಯವನ್ನ ನಾನೇ ಕೆದಕಿಬಿಟ್ಟೆ ಅಂತ ಕತ್ರಿ ತನ್ನನ್ನೇ ಬೈದುಕೊಂಡ. ಅದರ ಮುಂದಿನ ಸಲವೂ ಅದೇ ಕಥೆ. ಆಮೇಲಿಂದ ಆ ಕಡೆ ಕೂದಲನ್ನ ಬೆರಳಗಲ ಉದ್ದ ಬಿಡೋಕೆ ಶುರು ಮಾಡಿದ. ಕಿವಿ ಮೇಲೆ ಇಳಿಬಿಟ್ಟರೆ ಏನೂ ಕಾಣ್ತಿರಲಿಲ್ಲ.

"ಏನೋ ಇದು, ಈ ಕಡೆ ಹಿಪ್ಪಿ ಆಗ್ತಾ ಇದ್ದೀನಿ?" ಅಂದ ಭಾವ.

"ಈಗ ಇದೇ ಫ್ಯಾಶನ್ ಭಾವ."

"ನನ್ನ ವಯಸ್ಸಿಗೆ ಫ್ಯಾಶನ್ ಬೇರೆ ಕೇಡು."

ಕ್ಷೌರ ಮುಗಿದ ಮೇಲೆ ಹಿಡಿಯಿರೋ ಚಿಕ್ಕ ಕನ್ನಡಿಯನ್ನ ತಲೆಯ ಹಿಂದೆ ಹಿಡಿದು ತೋರಿಸೋದು ಈ ಕಸುಬಿನ ಪದ್ಧತಿ. ಗಿರಾಕಿ ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಹಿಂಭಾಗ ನೋಡಿ ಹೂಂ ಅಂದರೇ ಕೆಲಸ ಮುಗಿದ ಹಾಗೆ. ಕತ್ರಿ ಮೊದಮೊದಲು ಭಾವನಿಗೆ ಒಂದೇ ಕಡೆ ತೋರಿಸಿ ಕನ್ನಡಿ ಕೆಳಗಿಡ್ತಿದ್ದ. ಭಾವ "ಆ ಕಡೆ?" ಅಂತ ಒಂದು ಸಲ ಕೇಳಿದ. ಮುಂದಿನ ಸಲ ಅವನು ಬರೋ ಮೊದಲೇ ಕನ್ನಡಿಯನ್ನ ಕೆಳಗಿನ ಡ್ರಾಯರಲ್ಲಿ ಟವೆಲ್‌ಗಳ ಅಡಿಗೆ ತಳ್ಳಿದ.

"ಒಡೆದುಹೋಯ್ತು ಭಾವ. ಇನ್ನೊಂದು ತರಬೇಕು."

ಅವತ್ತಿಂದ ಭಾವ ಬರೋ ದಿನ ಮಾತ್ರ ಆ ಕನ್ನಡಿ ಒಡೆದಿರ್ತಿತ್ತು. ಅವನು ಹೋದ ಮೇಲೆ ಮತ್ತೆ ಹೊರಗೆ ಬರ್ತಿತ್ತು. ಇದನ್ನ ಬರೆಯೋಕೆ ನನಗೇ ಮುಜುಗರವಾಗ್ತಿದೆ, ಮಾಡಿದವನಿಗೆ ಆಗಲಿಲ್ಲವೇ ಅಂದರೆ, ಆಗ್ತಿತ್ತು. ಪ್ರತಿ ಸಲ ಆಗ್ತಿತ್ತು. ಆದರೆ ನಾಚಿಕೆ ಆದಷ್ಟೂ ಇನ್ನಷ್ಟು ಮುಚ್ಚಿಡ್ತಿದ್ದ.

ಭಾವ ಒಂದು ಸಲ ಬೆರಳಿಂದ ಅಲ್ಲಿ ಮುಟ್ಟಿಕೊಂಡು ಕೇಳಿದ: "ಕತ್ರಿ, ಇಲ್ಲೇನೋ ಇದೆ ಕಣೋ. ಆಗಾಗ ಕೆರೆಯುತ್ತೆ. ದಿಂಬಿನ ಮೇಲೂ ಕಲೆ ಆಗಿದೆ ಅಂತ ನಿನ್ನ ಅಕ್ಕ ಗೊಣಗ್ತಿದ್ದಳು. ಏನದು?"

ಹೇಳೋಕೆ ಅದಕ್ಕಿಂತ ಒಳ್ಳೆ ಹೊತ್ತು ಬೇಕಿತ್ತೇ? ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕತ್ರಿ ಬಾಯಿ ತೆರೆದ.

"ಬೆವರುಗುಳ್ಳೆ ಭಾವ. ಕೆರೀಬೇಡಿ, ತಾನಾಗೇ ಹೋಗುತ್ತೆ."

"ಹಾಗಾದ್ರೆ ಸರಿ" ಅಂದ ಭಾವ. ತಲೆ, ಕೂದಲು, ಕಿವಿ ವಿಷಯದಲ್ಲಿ ಕತ್ರಿಯ ಮಾತು ಅಂದರೆ ಅವನಿಗೆ ಮುಗೀತು. ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು, ಅವಳಿಗೆ ಅದು ಕಾಣ್ತಿರಲಿಲ್ಲ. ಭಾವನ ಕಿವಿಯ ಹಿಂಭಾಗ ನೋಡಬಲ್ಲ ಕಣ್ಣು ಇಡೀ ಲೋಕದಲ್ಲಿ ಒಂದೇ ಒಂದು ಜೊತೆ, ಕತ್ರಿಯದ್ದು.

ಹೀಗೆ ವರ್ಷ ದಾಟಿತು. ಆಮೇಲೆ ಒಂದು ದಿನ ಪೋಸ್ಟ್‌ಮ್ಯಾನ್ ಬಂದು ಕೂತ. ಕಿವಿಯ ಹತ್ತಿರ ಕತ್ತಿ ಇದ್ದಾಗ ಪುಣ್ಯಾತ್ಮ ಯಾವ ಸೂಚನೆಯೂ ಕೊಡದೆ ಜೋರಾಗಿ ಸೀನಿದ. ಚರಕ್ ಅಂತ ಗೀರಿತು, ಸರಿಯಾಗೇ ಗೀರಿತು, ಕೊರಳವರೆಗೆ ರಕ್ತ ಇಳಿಯಿತು. "ತಪ್ಪು ನನ್ನದೇ ಮಾರಾಯ, ನೀನ್ಯಾಕೆ ಹೆದರ್ತೀಯ" ಅಂತ ಪೋಸ್ಟ್‌ಮ್ಯಾನೇ ನಕ್ಕ. ಕತ್ರಿಯ ಮೂವತ್ನಾಲ್ಕು ವರ್ಷದ ಮಾತು ಅಲ್ಲಿಗೆ ಮಣ್ಣುಪಾಲಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಏಳೆಂಟು ದಿನ ಬಿಟ್ಟು ಪೋಸ್ಟ್‌ಮ್ಯಾನ್ ಕಾಗದ ಕೊಡೋಕೆ ಬಂದಾಗ ಕತ್ರಿ ಅವನನ್ನ ಬೆಳಕಿಗೆ ಎಳೆದು ಕಿವಿ ನೋಡಿದ. ಸಣ್ಣ ಗೆರೆ ಇತ್ತು, ಒಣಗಿತ್ತು. ಇನ್ನೊಂದು ವಾರಕ್ಕೆ ಗೆರೆಯೂ ಇರಲಿಲ್ಲ. ಎಲ್ಲಿ ಗೀರಿದ್ದು ಅಂತ ಕೇಳಿದರೆ ಪೋಸ್ಟ್‌ಮ್ಯಾನಿಗೇ ಗೊತ್ತಾಗಲಿಲ್ಲ.

ಕತ್ರಿ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದ. ಕತ್ತಿ ಗಾಯ ಹದಿನೈದು ದಿನಕ್ಕೆ ಹೇಳಹೆಸರಿಲ್ಲದೆ ಮಾಯ್ದಿತ್ತು. ಹಾಗಾದರೆ ಭಾವನದ್ದು? ವರ್ಷ ಕಳೆದರೂ ಮಾಯದ್ದು ಏನು ಅದು?

ಗೊತ್ತಾಯಿತಲ್ಲ, ಅವತ್ತೇ ಓಡಿಹೋಗಿ ಹೇಳಿರಬೇಕು ಅಂತ ನೀವು ಅಂದುಕೊಂಡರೆ ನಿಮಗೆ ಕತ್ರಿ ಗೊತ್ತಿಲ್ಲ. ಹೇಗೆ ಹೇಳೋದು? ಯಾವಾಗಿಂದ ಅಂದರೆ ಏನನ್ನೋದು? ಇನ್ನೂ ಎರಡು ಕ್ಷೌರ, ಅಂದರೆ ಆರು ವಾರ, ಮುಖ ಸಪ್ಪೆ ಮಾಡಿಕೊಂಡು ಸುಮ್ಮನಿದ್ದ. ಎರಡನೇ ಸಲ ಬೆರಳಿಟ್ಟು ಮುಟ್ಟಿ ನೋಡಿದ. ಹುಣ್ಣಿನ ಸುತ್ತ ಅಂಚು ದಪ್ಪವಾಗಿ ಎದ್ದಿತ್ತು, ಕಡಲೆಬೇಳೆಯ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದ್ದಕ್ಕೇ ಭಾವ "ಹಾ" ಅಂದ.

"ಭಾವ" ಅಂದ ಕತ್ರಿ, "ಇಲ್ಲೊಂದು ಹುಣ್ಣಿದೆ. ಆ ಬೆವರುಗುಳ್ಳೆ ಅಲ್ಲ, ಹೊಸದು ಅನ್ಸುತ್ತೆ. ಹೋದ ಸಲ ಇರಲಿಲ್ಲ. ಡಾಕ್ಟರಿಗೆ ತೋರಿಸೋಣ ನಡೀರಿ."

ನಿಜ ಹೇಳೋಕೆ ಹೊರಟವನು ಅದರ ಮೇಲೂ ಒಂದು ಸುಳ್ಳಿನ ತೇಪೆ ಹಾಕಿಯೇ ಹೇಳಿದ ನೋಡಿ.

ಚರ್ಮದ ಡಾಕ್ಟರು ಒಬ್ಬ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ಕಿವಿ ನೋಡಿದಳು. ಆಮೇಲೆ ಕುತ್ತಿಗೆಯ ಎರಡೂ ಬದಿ ಬೆರಳು ಒತ್ತಿ ಒತ್ತಿ ಗಂಟೇನಾದರೂ ಸಿಗುತ್ತಾ ಅಂತ ಹುಡುಕಿದಳು.

"ಎಷ್ಟು ದಿನದಿಂದ ಇದೆ?"

"ಎರಡು ಮೂರು ವಾರ ಅಷ್ಟೇ ಡಾಕ್ಟ್ರೇ" ಅಂದ ಭಾವ. "ನಮ್ಮ ಭಾಮೈದನದ್ದು ಹದ್ದಿನ ಕಣ್ಣು. ಬಂದ ತಕ್ಷಣ ಹಿಡಿದುಬಿಟ್ಟ. ಇವನಿಲ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ." ಅಷ್ಟು ಹೇಳಿ ಕತ್ರಿಯ ಬೆನ್ನು ತಟ್ಟಿದ.

ಆ ಕೈ ಬೆನ್ನ ಮೇಲೆ ಬಿದ್ದಾಗ ಕತ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು.

ಡಾಕ್ಟರು ಭೂತಗನ್ನಡಿ ಕೆಳಗಿಟ್ಟಳು. "ಎರಡು ವಾರದಲ್ಲಿ ಇಷ್ಟು ಬೆಳೆದಿದ್ರೆ ನಾನು ನೋಡೋ ರೀತಿಯೇ ಬೇರೆ. ವರ್ಷದಿಂದ ಇದ್ರೆ ಬೇರೆ. ನೆನಪು ಮಾಡ್ಕೊಂಡು ಸರಿಯಾಗಿ ಹೇಳಿ. ಇದು ನನಗೆ ಬೇಕು."

"ಇಲ್ಲ ಡಾಕ್ಟ್ರೇ, ಖಂಡಿತ ಎರಡು..."

"ಒಂದೂವರೆ ವರ್ಷ" ಅಂದ ಕತ್ರಿ.

ಕತ್ರಿ ಮೇಜಿನ ಕಾಲು ನೋಡ್ತಾ ಒಂದೇ ಉಸಿರಿಗೆ ಹೇಳಿಬಿಟ್ಟ: "ಒಂದೂವರೆ ವರ್ಷದಿಂದ ನೋಡ್ತಾ ಇದ್ದೀನಿ. ನನ್ನ ಕತ್ತಿ ತಾಗಿ ಆದ ಗಾಯ ಅದು. ಹೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ ಹೇಳಲಿಲ್ಲ. ಪೌಡರ್ ಹಚ್ಚಿದೆ. ಕೂದಲು ಬಿಟ್ಟು ಮುಚ್ಚಿದೆ. ಬೆವರುಗುಳ್ಳೆ ಅಂತ ಸುಳ್ಳು ಹೇಳಿದೆ."

ಭಾವ ಅವನ ಕಡೆ ತಿರುಗಲಿಲ್ಲ. ಮಡಿಲಲ್ಲಿದ್ದ ಕೈಗಳನ್ನ ನೋಡ್ಕೊಂಡು ಕೂತಿದ್ದ, ಒಂದು ಕಪ್ಪು ಕೈ, ಒಂದು ತಿಳಿ ಬಣ್ಣದ್ದು.

"ಇದು ಕತ್ತಿ ಗಾಯ ಅಲ್ಲ" ಅಂದಳು ಡಾಕ್ಟರು. "ಯಾವ ಕತ್ತಿಯಿಂದಲೂ ಇದು ಆಗಲ್ಲ. ನೀವು ರಕ್ತ ನೋಡಿದ ದಿನವೇ ಇದು ಅಲ್ಲಿತ್ತು. ಟವೆಲ್ ತಾಗಿದ್ರೂ ರಕ್ತ ಬರ್ತಿತ್ತು. ಅವತ್ತು ನೀವು ಏನೂ ತಪ್ಪು ಮಾಡಿರಲಿಲ್ಲ."

ಕೇಳಿದಿರಾ? ಅವನ ಕೈ ತಪ್ಪಿರಲೇ ಇಲ್ಲ. ಮಾಡದ ತಪ್ಪನ್ನ ಮುಚ್ಚಿಡೋಕೆ ಹೋಗಿ ಒಂದೂವರೆ ವರ್ಷ ಮಾಡಬಾರದ ತಪ್ಪು ಮಾಡಿದ್ದ.

ಕಿವಿಗೆ ಸೂಜಿ ಕೊಟ್ಟು ಮರಗಟ್ಟಿಸಿ, ಹುಣ್ಣಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಭಾವ ಡ್ರೈವರ್ ಹಿಂದಿನ ಒಂಟಿ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇರಲಿಲ್ಲ. ಕತ್ರಿ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದ.

ಹತ್ತು ದಿನಕ್ಕೆ ವರದಿ ಬಂತು, ಕ್ಯಾನ್ಸರ್. ಈ ಸಲ ಅಕ್ಕನೂ ಬಂದಿದ್ದಳು. ಡಾಕ್ಟರು ಬಿಡಿಸಿ ಹೇಳಿದಳು: ಚರ್ಮದ ಕ್ಯಾನ್ಸರುಗಳಲ್ಲಿ ಇದು ಬೇಗ ಸಿಕ್ಕಿದರೆ ಪೂರ್ತಿ ಗುಣವಾಗೋ ಜಾತಿ. ವರ್ಷಗಟ್ಟಲೆ ಬಿಸಿಲು ಬಿದ್ದ ಕಡೆ ಬರುತ್ತೆ, ಕಿವಿ, ಮೂಗು, ತುಟಿ, ಕೈ. ಮೈಬಣ್ಣ ಕಪ್ಪಗಿದ್ದರೆ ಕಡಿಮೆ, ಆದರೆ ಬರೋದೇ ಇಲ್ಲ ಅಂತಿಲ್ಲ. ಕಿವಿ ಮೇಲಿನದ್ದನ್ನ ಹಾಗೇ ಬಿಟ್ಟರೆ ಕುತ್ತಿಗೆಯ ಗಂಟುಗಳಿಗೆ ಇಳಿಯೋ ಭಯ ಇದೆ.

"ಮೊದಲ ತಿಂಗಳೇ ಬಂದಿದ್ರೆ?" ಕತ್ರಿ ಕೇಳಿದ. ಯಾಕೆ ಕೇಳಿದನೋ.

"ಉಗುರಿನಷ್ಟು ತೆಗೆದು ನಾಲ್ಕು ಹೊಲಿಗೆ ಹಾಕಿ ಕಳಿಸ್ತಿದ್ದೆ."

"ಈಗ?"

"ಈಗ ಕಿವಿಯ ಮೇಲ್ಭಾಗ ಹೋಗುತ್ತೆ. ಮೂರರಲ್ಲಿ ಒಂದು ಪಾಲು. ಗಂಟುಗಳಿಗೆ ಇಳಿದಿದೆಯಾ ಅನ್ನೋದು ಸ್ಕ್ಯಾನ್ ಮಾಡಿದ ಮೇಲೆ ಗೊತ್ತಾಗಬೇಕು."

ಹೊರಗೆ ಬಂದ ಮೇಲೆ ಅಕ್ಕ ಗೋಡೆ ಹಿಡಿದು ನಿಂತಳು. ಪೊರೆ ಬಂದ ಕಣ್ಣಲ್ಲಿ ತಮ್ಮನ ಮುಖ ಎಲ್ಲಿದೆ ಅಂತ ಹುಡುಕಿದಳು.

"ನನಗೆ ಕಣ್ಣು ಕಾಣಲ್ಲ ಕಣೋ. ನಿನಗೆ ಕಾಣ್ತಿತ್ತು. ಮೂರು ವಾರಕ್ಕೊಮ್ಮೆ ಅವರ ತಲೆಯನ್ನ ನಿನ್ನ ಕೈಗೆ ಒಪ್ಪಿಸಿ ಕಳಿಸ್ತಿದ್ದೆನಲ್ಲೋ."

"ನನ್ನ ಕೈತಪ್ಪು ಅಂದ್ಕೊಂಡಿದ್ದೆ ಅಕ್ಕ."

"ಕೈತಪ್ಪೇ ಆಗಿದ್ರೆ ನಾವು ನಿನ್ನ ಬೈತಿದ್ವೇನೋ?"

ಬೈತಿರಲಿಲ್ಲ. ಅದು ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಆಪರೇಷನ್ ದಿನ "ನೀನು ಹೊರಗಿರು" ಅಂದಳು ಅಕ್ಕ. ಕತ್ರಿ ಆಸ್ಪತ್ರೆಯ ಗೇಟಿನ ಹತ್ತಿರ ಬಿಸಿಲಲ್ಲೇ ನಿಂತಿದ್ದ. ಕಿವಿ ತುದಿ ಕಾಯ್ತಿತ್ತು. ಸಂಜೆಗೆ ಮುಂಚೆ ಡಾಕ್ಟರು ಕಾರಿನ ಕಡೆ ಹೋಗ್ತಾ ಅವನನ್ನ ಗುರುತು ಹಿಡಿದು ನಿಂತಳು.

"ಪೂರ್ತಿ ತೆಗೆದಿದ್ದೀನಿ. ಸ್ಕ್ಯಾನಲ್ಲೂ ಗಂಟು ಕಾಣಲಿಲ್ಲ. ಆದ್ರೂ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬಿಸಿಲಲ್ಲಿ ಹೋದಾಗ ಸುತ್ತ ಅಂಚಿರೋ ಟೋಪಿ ಹಾಕಬೇಕು, ಬರೀ ಮುಂದೆ ಚಾಚಿರೋ ಟೋಪಿ ಕಿವಿ ಕಾಯಲ್ಲ. ಕ್ರೀಮ್ ಬರೆದುಕೊಟ್ಟಿದ್ದೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ದಿನಕ್ಕೆ ಎಷ್ಟು ತಲೆ ನೋಡ್ತೀರಿ ನೀವು?"

"ಹದಿನೈದು, ಇಪ್ಪತ್ತು."

"ನಾನು ಅಷ್ಟು ಕಿವಿ ನೋಡಲ್ಲ. ನಾಲ್ಕು ವಾರ ದಾಟಿದರೂ ಮಾಯದ ಹುಣ್ಣು ಯಾರಿಗೇ ಕಾಣಲಿ, ಅವತ್ತೇ ಹೇಳಿಬಿಡಿ."

ಕತ್ರಿ ತಲೆ ಆಡಿಸಿದ. ಅವಳು ಬೈದಿದ್ದರೂ ಅಷ್ಟು ನೋಯ್ತಿರಲಿಲ್ಲ.

ಆಮೇಲೆ ಭಾವ ಅಂಗಡಿಗೆ ಬರಲಿಲ್ಲ. ಮೂರು ವಾರ ಹೋಯಿತು, ಆರು ವಾರ ಹೋಯಿತು. ಕತ್ರಿ ಮನೆಗೆ ಹೋದರೆ ಅಕ್ಕ ಕುಡಿಯೋಕೆ ನೀರು ಕೊಡ್ತಿದ್ದಳು, ಕೂತ್ಕೋ ಅಂತಿರಲಿಲ್ಲ. ಭಾವ ಪೇಪರ್ ಹಿಡಿದು ಕೂತಿರ್ತಿದ್ದ, ಕೂದಲು ಕಾಲರ್ ಮುಟ್ಟುವಷ್ಟು ಬೆಳೆದಿತ್ತು. ಮೂವತ್ತೈದು ವರ್ಷದಲ್ಲಿ ಆ ಮನುಷ್ಯ ಇನ್ನೊಬ್ಬರ ಕೈಗೆ ತಲೆ ಕೊಟ್ಟವನಲ್ಲ. ಈಗಲೂ ಕೊಟ್ಟಿರಲಿಲ್ಲ. ಬೇರೆ ಎಲ್ಲಾದರೂ ಮಾಡಿಸಿಕೊಂಡಿದ್ದರೆ ಕತ್ರಿ ಸಿಟ್ಟಾದರೂ ಮಾಡಬಹುದಿತ್ತು.

ನಾಲ್ಕನೇ ತಿಂಗಳು, ಮೊದಲ ತಪಾಸಣೆ ಮುಗಿದು ಏನೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ, ಒಂದು ಬೆಳಗ್ಗೆ ಅಂಗಡಿ ತುಂಬಿದ್ದಾಗ ಭಾವ ಒಳಗೆ ಬಂದ. ಸುತ್ತ ಅಂಚಿರೋ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಬೆಂಚಿನ ಮೇಲೆ ಪೋಸ್ಟ್‌ಮ್ಯಾನ್ ಇದ್ದ, ಇನ್ನಿಬ್ಬರಿದ್ದರು. ಭಾವನ ಸರದಿ ಬರೋವರೆಗೆ ಕತ್ರಿ ಯಾರ ತಲೆಗೆ ಏನು ಮಾಡಿದನೋ ಅವನಿಗೇ ಗೊತ್ತಿಲ್ಲ.

ಭಾವ ಕುರ್ಚಿಯಲ್ಲಿ ಕೂತ. ತಮಾಷೆ ಮಾತಿಲ್ಲ, ತೂಕಡಿಕೆ ಇಲ್ಲ. ಕಣ್ಣು ಕನ್ನಡಿಯಲ್ಲೇ ನೆಟ್ಟಿತ್ತು.

"ಕಿವಿ ಮೇಲೆ ಸ್ವಲ್ಪ ಉದ್ದ ಬಿಡ್ತೀನಿ ಭಾವ."

"ಬೇಡ. ಮುಚ್ಚಿದ್ದು ಸಾಕು. ಮೊದಲು ಹೇಗೆ ಮಾಡ್ತಿದ್ಯೋ ಹಾಗೇ ಮಾಡು."

ಕತ್ರಿ ಕತ್ತರಿಸಿದ. ಕೂದಲು ಬೀಳ್ತಾ ಹೋದ ಹಾಗೆ ಕಿಟಕಿ ಕಡೆಯ ಕಿವಿ ಹೊರಗೆ ಬಂತು. ಮೇಲೆ ದುಂಡಗಿರಬೇಕಾದ ಕಡೆ ಚಪ್ಪಟೆಯಾಗಿ, ಗುಲಾಬಿ ಬಣ್ಣದ ಹೊಲಿಗೆ ಗೆರೆಯೊಂದಿಗೆ ಮುಗಿದುಹೋಗಿತ್ತು.

"ಅಯ್ಯೋ, ಕಿವಿಗೆ ಏನಾಯ್ತು ಸ್ವಾಮಿ?" ಅಂದ ಪೋಸ್ಟ್‌ಮ್ಯಾನ್. ಅವನ ಬಾಯಿ ಸುಮ್ಮನಿರೋದಲ್ಲ.

ಭಾವ ಕನ್ನಡಿಯೊಳಗಿಂದ ಕತ್ರಿಯ ಮುಖ ನೋಡಿದ. ನೋಡ್ತಾನೇ ಇದ್ದ.

ಕತ್ರಿ ಕತ್ತರಿ ಕೆಳಗಿಟ್ಟ. "ಕ್ಯಾನ್ಸರ್ ಆಗಿತ್ತು" ಅಂದ. "ಮೊದಲು ನೋಡಿದವನು ನಾನೇ. ನನ್ನ ಕತ್ತಿ ತಾಗಿದೆ ಅಂದ್ಕೊಂಡು, ನಿಮ್ಮೆದುರಿಗೆ ಅವಮಾನ ಆಗುತ್ತೆ ಅಂತ, ಒಂದೂವರೆ ವರ್ಷ ಮುಚ್ಚಿಟ್ಟೆ. ಅವತ್ತೇ ಹೇಳಿದ್ರೆ ಕಿವಿ ಉಳೀತಿತ್ತು."

ಪೋಸ್ಟ್‌ಮ್ಯಾನ್ ತನಗೆ ಗೊತ್ತಿಲ್ಲದ ಹಾಗೆ ತನ್ನ ಕಿವಿ ಮುಟ್ಟಿಕೊಂಡ.

ಕತ್ರಿ ಕೆಲಸ ಮುಗಿಸಿದ. ಕುತ್ತಿಗೆ ಒರೆಸಿ ಬಟ್ಟೆ ಬಿಚ್ಚೋಕೆ ಹೋದ. ಭಾವ ಏಳಲಿಲ್ಲ.

"ಚಿಕ್ಕ ಕನ್ನಡಿ ಎಲ್ಲಿ?"

ಕತ್ರಿಯ ಕೈ ಅಲ್ಲೇ ನಿಂತಿತು. ಅಭ್ಯಾಸ ಬಲ ನೋಡಿ, ಭಾವ ಒಳಗೆ ಬಂದದ್ದು ಕಂಡ ಕೂಡಲೇ ಕೈ ತಾನಾಗೇ ಅದನ್ನ ಡ್ರಾಯರಿಗೆ ತಳ್ಳಿತ್ತು. ಬಗ್ಗಿದ, ಟವೆಲ್‌ಗಳ ಅಡಿಯಿಂದ ತೆಗೆದ. ಒಂದು ಬಿರುಕೂ ಇಲ್ಲದ ಕನ್ನಡಿ. ಹಿಡಿಯ ಬಣ್ಣ ಹೋಗಿತ್ತು, ಗಾಜು ಫಳಫಳ ಅಂತಿತ್ತು.

ಭಾವ ಅದನ್ನ ನೋಡಿದ. ಗುರುತು ಹಿಡಿದ.

"ಒಡೆದುಹೋಗಿತ್ತಲ್ಲ?"

"ಇಲ್ಲ ಭಾವ" ಅಂದ ಕತ್ರಿ. "ಯಾವತ್ತೂ ಒಡೆದಿರಲಿಲ್ಲ."

ಕತ್ರಿ ಇದೊಂದನ್ನ ಯಾರ ಮುಂದೆಯೂ ಹೇಳಿರಲಿಲ್ಲ, ಡಾಕ್ಟರ ಮುಂದೆಯೂ. ಭಾವ ಕಣ್ಣು ಮುಚ್ಚಿ ಒಂದು ಸಲ ಉಸಿರು ಬಿಟ್ಟ. ಎದ್ದು ಹೋಗ್ತಾನೆ ಅಂದುಕೊಂಡ ಕತ್ರಿ. ಹೋಗಲಿಲ್ಲ.

"ಹಿಡಿ" ಅಂದ. "ಆ ಕಡೆ ಅಲ್ಲ. ಈ ಕಡೆ."

ಕತ್ರಿ ಕಿಟಕಿ ಕಡೆಯ ಕಿವಿಯ ಹಿಂದೆ ಕನ್ನಡಿ ಹಿಡಿದ. ಭಾವ ತನ್ನ ಕಿವಿಯ ಹಿಂಭಾಗವನ್ನ ಇಷ್ಟು ದಿನಕ್ಕೆ ಮೊದಲ ಸಲ ನೋಡಿದ. ತೋಳು ಸೋತು ಬಂದರೂ ಕತ್ರಿ ಕೆಳಗಿಳಿಸಲಿಲ್ಲ, ಭಾವ ಹೂಂ ಅನ್ನಲಿ ಅಂತ ಕಾದು ನಿಂತಿದ್ದ. ಭಾವ ಬಹಳ ಹೊತ್ತು ಹೂಂ ಅನ್ನಲಿಲ್ಲ.